ಡೇಟಾಬೇಸ್ ಆಡಿಟ್ ಟ್ರೇಲ್: ಯಾರು ತಿದ್ದಿದರು, ಯಾವಾಗ, ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪತ್ತಿನ ಸಂಘ, ಅಡತಿ ಅಂಗಡಿ, ದವಾಖಾನೆ, ಕಾಲೇಜುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಕೇಳುವ ಪ್ರಶ್ನೆಗಳಿವು. ಕೇಳಿದ ಧಾಟಿಯಲ್ಲೇ ಬರೆದಿದ್ದೇನೆ. ಉತ್ತರಗಳು ಒರಾಕಲ್, ಎಸ್‌ಕ್ಯುಎಲ್ ಸರ್ವರ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಮಾರಿಯಾಡಿಬಿ ಇವುಗಳಿಗೆ ಸಂಬಂಧಿಸಿದವು. ಕಮಾಂಡುಗಳನ್ನು ಕೊಟ್ಟಿಲ್ಲ. ಅವು ಆಯಾ ಆವೃತ್ತಿಯ ಕೈಪಿಡಿಯಲ್ಲಿ ಸಿಗುತ್ತವೆ. ಕೈಪಿಡಿಯಲ್ಲಿ ಸಿಗದ ಸಂಗತಿಗೇ ಇಲ್ಲಿ ಹೆಚ್ಚು ಜಾಗ.

ಆಡಿಟ್ ಟ್ರೇಲ್ ಅಂದ್ರ ಒಟ್ಟಿನ್ಯಾಗ ಏನ್ರಿ?

ಡೇಟಾಬೇಸಿನೊಳಗೆ ಯಾರು ಬಂದರು, ಯಾವಾಗ ಬಂದರು, ಎಲ್ಲಿಂದ ಬಂದರು, ಯಾವ ಟೇಬಲ್ ಮುಟ್ಟಿದರು, ಮಾಡಲು ಹೋದದ್ದು ಆಯಿತೋ ಇಲ್ಲವೋ ಎನ್ನುವುದರ ಸಾಲುಸಾಲು ದಾಖಲೆ. ಕಾಗದದ ಕಿರ್ದಿ ಬರೆದವರಿಗೆ ಇದು ಹೊಸದಲ್ಲ. ತಪ್ಪಿದ ಅಂಕಿಯನ್ನು ಕೆರೆದು ಅಳಿಸುವ ಹಾಗಿಲ್ಲ, ಮೇಲೊಂದು ಗೀಟು ಎಳೆದು, ಪಕ್ಕಕ್ಕೆ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. 1905ರಷ್ಟು ಹಿಂದೆಯೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೇಟಾಬೇಸಿನಲ್ಲಿ ಒಂದು ಅಪ್‌ಡೇಟ್ ಓಡಿದರೆ ಹಳೆಯ ಅಂಕಿ ಹೋಗಿಯೇ ಬಿಡುತ್ತದೆ. ಗೀಟೂ ಉಳಿಯುವುದಿಲ್ಲ, ಸಹಿಯೂ ಇರುವುದಿಲ್ಲ. ಅವೆರಡನ್ನೂ ಬೇರೆ ಕಡೆ ಬರೆದಿಡುವ ಏರ್ಪಾಡು ಇದು.

ನಮ್ಮ ಸಾಫ್ಟ್‌ವೇರ್‌ನ್ಯಾಗ ಲಾಗ್ ಐತಲ್ರಿ, ಮತ್ತ ಡೇಟಾಬೇಸ್‌ನ್ಯಾಗ ಯಾಕ ಬೇಕು?

ಸಾಫ್ಟ್‌ವೇರ್‌ನ ಲಾಗ್ ಮುಂಬಾಗಿಲಿನಿಂದ ಬಂದವರನ್ನು ಮಾತ್ರ ಬರೆಯುತ್ತದೆ. ಡೇಟಾಬೇಸಿಗೆ ಹಿತ್ತಿಲ ಬಾಗಿಲೂ ಇದೆ. ಅಡ್ಮಿನ್ ಪಾಸ್‌ವರ್ಡ್ ಇದ್ದವರು ಯಾವುದಾದರೂ ಕ್ವೆರಿ ಟೂಲ್ (ಡೇಟಾಬೇಸಿಗೆ ನೇರವಾಗಿ ಆಜ್ಞೆ ಕೊಡುವ ತಂತ್ರಾಂಶ) ತೆರೆದು ನೇರವಾಗಿ ಟೇಬಲ್ ತಿದ್ದಿದರೆ ಸಾಫ್ಟ್‌ವೇರ್‌ಗೆ ಸುಳಿವೇ ಸಿಗುವುದಿಲ್ಲ. ನಮ್ಮ ಕಡೆ ಈ ಹಿತ್ತಿಲ ಬಾಗಿಲನ್ನು ಹೆಚ್ಚು ಬಳಸುವವರು ಕಳ್ಳರಲ್ಲ, ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಸಪೋರ್ಟ್ ಹುಡುಗರು. ‘ಬ್ಯಾಲೆನ್ಸ್ ಟ್ಯಾಲಿ ಆಗವಲ್ದು’ ಎಂದು ಫೋನ್ ಹೋದರೆ ಎನಿಡೆಸ್ಕ್‌ನಲ್ಲಿ ಒಳಬಂದು, ಎರಡು ಸಾಲು ತಿದ್ದಿ, ‘ಸರಿ ಮಾಡೀನ್ರಿ’ ಎಂದು ಹೊರಡುತ್ತಾರೆ. ಯಾವ ಎರಡು ಸಾಲು ಎಂದು ಆರು ತಿಂಗಳ ನಂತರ ಕೇಳಿದರೆ ಅವರಿಗೂ ನೆನಪಿರದು.

ಹಾಗೆಂದು ಡೇಟಾಬೇಸಿನ ಲಾಗ್ ಒಂದೇ ಸಾಕು ಎಂದೂ ಅಲ್ಲ. ತಿದ್ದಿದ ಕಾರಣ, ಯಾವ ಪರದೆಯಿಂದ ತಿದ್ದಿದರು, ಯಾರ ಒಪ್ಪಿಗೆ ಇತ್ತು ಎನ್ನುವುದು ಸಾಫ್ಟ್‌ವೇರ್‌ಗಷ್ಟೇ ಗೊತ್ತಿರುತ್ತದೆ. ಎರಡೂ ಬೇಕು.

ಎಲ್ಲಾ ಸಾಲಿನ್ಯಾಗೂ ಒಂದ ಹೆಸರು ಬರ್ತೈತ್ರಿ. ಯಾರ್ ಮಾಡ್ಯಾರ ಅಂತ ಗೊತ್ತಾಗವಲ್ದು.

ಹೆಚ್ಚು ಜನ ಕೇಳುವ ಪ್ರಶ್ನೆಯೂ ಇದೇ, ಹೆಚ್ಚು ಕೆಲಸ ಹಿಡಿಯುವುದೂ ಇದೇ. ಲಾಗ್ ಇದೆ, ಸಾವಿರಾರು ಸಾಲು ಇವೆ, ಪ್ರತಿ ಸಾಲಿನಲ್ಲೂ ‘ಅಡ್ಮಿನ್’ ಅಥವಾ ‘ಆಪ್ ಯೂಸರ್’. ಹೀಗಿದ್ದರೆ ಯಾವ ತಂತ್ರಾಂಶ ಕೊಂಡರೂ ಉಪಯೋಗವಿಲ್ಲ. ಕಾರಣ ಎರಡು, ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಮನುಷ್ಯರದ್ದು. ಕೌಂಟರಿನಲ್ಲಿ ನಾಲ್ಕು ಜನ, ಲಾಗಿನ್ ಒಂದು. ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಹೊಸ ಲಾಗಿನ್ ಮಾಡಿಕೊಡಿ ಎಂದರೆ ‘ಎಲ್ಲಾರೂ ನಮ್ಮವರ ಅದಾರ್ರಿ, ಯಾಕ ಅನುಮಾನ’ ಎಂಬ ಉತ್ತರ ಬರುತ್ತದೆ. ಅನುಮಾನದ ಮಾತೇ ಅಲ್ಲ. ನಾಲ್ವರಲ್ಲಿ ಒಬ್ಬರು ತಪ್ಪು ಮಾಡಿದರೆ ಉಳಿದ ಮೂವರು ಪಾರಾಗಲು ಇರುವ ದಾರಿ ಇದೊಂದೇ. ನೌಕರರಿಗೆ ಹೀಗೆ ಹೇಳಿದರೆ ಬೇಗ ಒಪ್ಪುತ್ತಾರೆ. ಆಡಳಿತ ಮಂಡಳಿಯವರೇ ತಡ ಮಾಡುವುದು.

ಎರಡನೆಯದು ತಾಂತ್ರಿಕ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ನೂರು ಜನ ಬೇರೆ ಬೇರೆ ಹೆಸರಿನಲ್ಲಿ ಲಾಗಿನ್ ಆದರೂ ಡೇಟಾಬೇಸಿಗೆ ಹೋಗುವ ಸಂಪರ್ಕ ಒಂದೇ ಹೆಸರಿನದು, ಅದೂ ಪೂಲ್‌ನಿಂದ, ಅಂದರೆ ಮೊದಲೇ ತೆರೆದಿಟ್ಟು ಎಲ್ಲರೂ ಸರದಿಯಲ್ಲಿ ಬಳಸುವ ಸಂಪರ್ಕಗಳ ಗುಂಪಿನಿಂದ ತೆಗೆದದ್ದು. ಹಾಗಾಗಿ ನಿಜವಾದ ಬಳಕೆದಾರ ಯಾರು ಎಂದು ಸಾಫ್ಟ್‌ವೇರ್ ಡೇಟಾಬೇಸಿಗೆ ಹೇಳಿಕಳಿಸಬೇಕು. ಒರಾಕಲ್‌ನಲ್ಲಿ ಇದಕ್ಕೆ ಕ್ಲೈಂಟ್ ಐಡೆಂಟಿಫೈಯರ್ ಇದೆ. ಸೆಷನ್‌ಗೆ ಅದನ್ನು ಹಚ್ಚಿದರೆ ಆಡಿಟ್ ಸಾಲಿನಲ್ಲಿ ತನ್ನದೇ ಕಾಲಂನಲ್ಲಿ ಬಂದು ಕೂರುತ್ತದೆ. ಎಸ್‌ಕ್ಯುಎಲ್ ಸರ್ವರ್ 2016ರಿಂದ ಸೆಷನ್ ಕಾಂಟೆಕ್ಸ್ಟ್ ಕೊಟ್ಟಿದೆ. ಅದರಲ್ಲಿ ಒಮ್ಮೆ ಬರೆದದ್ದನ್ನು ಆ ಸಂಪರ್ಕದಲ್ಲಿ ಮತ್ತೆ ತಿದ್ದಲಾಗದಂತೆ ಬೀಗ ಹಾಕುವ ಸೌಲಭ್ಯವೂ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ನಮ್ಮದೇ ಒಂದು ಸೆಟ್ಟಿಂಗ್ ಹೆಸರು ಮಾಡಿಕೊಂಡು, ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಬದಲಾವಣೆಗಳ ಗುಂಪು) ಶುರುವಾದಾಗ ಅದರಲ್ಲಿ ಬಳಕೆದಾರರ ಗುರುತು ಇಟ್ಟು, ಟ್ರಿಗರ್‌ನಲ್ಲಿ (ಟೇಬಲ್ ಬದಲಾದಾಗ ತಾನಾಗಿ ಓಡುವ ಸಣ್ಣ ಪ್ರೋಗ್ರಾಂ) ಓದಿಕೊಳ್ಳಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಸೆಷನ್ ವೇರಿಯಬಲ್‌ನಿಂದ ಇದೇ ಕೆಲಸ ಆಗುತ್ತದೆ.

ಇಲ್ಲೊಂದು ಹೊಂಡವಿದೆ. ಪೂಲ್‌ನಿಂದ ಸಂಪರ್ಕ ತೆಗೆದಾಗಲೆಲ್ಲ ಹೆಸರನ್ನು ಹೊಸದಾಗಿ ಹಾಕಬೇಕು, ಬಿಡುವಾಗ ತೆಗೆಯಬೇಕು. ಮರೆತರೆ ಹಿಂದೆ ಅದೇ ಸಂಪರ್ಕ ಬಳಸಿದವರ ಹೆಸರು ಅಂಟಿಕೊಂಡಿರುತ್ತದೆ, ಒಬ್ಬರು ಮಾಡಿದ್ದು ಇನ್ನೊಬ್ಬರ ತಲೆಗೆ ಬರುತ್ತದೆ. ಹೆಸರೇ ಇಲ್ಲದ ಲಾಗ್‌ಗಿಂತ ತಪ್ಪು ಹೆಸರಿನ ಲಾಗ್ ಕೆಟ್ಟದ್ದು. ಪೋಸ್ಟ್‌ಗ್ರೆಸ್‌ನಲ್ಲಿ ಗುರುತನ್ನು ಟ್ರಾನ್ಸಾಕ್ಷನ್‌ಗೆ ಮಾತ್ರ ಸೀಮಿತವಾಗಿ ಇಡುವ ವಿಧಾನ ಬಳಸಿದರೆ ಕಮಿಟ್ ಆದ (ಬದಲಾವಣೆ ಖಾಯಂ ಆದ) ಕೂಡಲೇ ಅದು ತಾನಾಗಿ ಹೋಗುತ್ತದೆ.

ಸಪೋರ್ಟ್‌ನವರಿಗೂ ಪ್ರತ್ಯೇಕ ಲಾಗಿನ್ ಕೊಡಿ. ಕೆಲಸ ಇದ್ದಾಗ ತೆರೆದು, ಮುಗಿದ ಮೇಲೆ ಮುಚ್ಚಿಡಿ.

ಎಲ್ಲಾನೂ ಬರದಿಟ್ರ ಆತಲ್ರಿ? ಡಿಸ್ಕ್ ಈಗ ತುಟ್ಟಿ ಏನಿಲ್ಲ.

ಡಿಸ್ಕ್ ಸಿಗುತ್ತದೆ, ಓದುವ ಕಣ್ಣು ಸಿಗುವುದಿಲ್ಲ. ಎಲ್ಲವನ್ನೂ ಬರೆದಿಟ್ಟ ಕಚೇರಿಗಳಲ್ಲಿ ಲಾಗ್ ತೆರೆದು ನೋಡುವವರೇ ಇರುವುದಿಲ್ಲ.

ಕಡ್ಡಾಯವಾಗಿ ಬರೆಯಬೇಕಾದವು ಇವು: ಲಾಗಿನ್ ಆದದ್ದು, ಅದಕ್ಕಿಂತ ಮುಖ್ಯವಾಗಿ ಲಾಗಿನ್ ಆಗದೆ ಹೋದದ್ದು, ಹೊಸ ಬಳಕೆದಾರರನ್ನು ಮಾಡಿದ್ದು, ಹಕ್ಕು ಕೊಟ್ಟದ್ದು ಕಿತ್ತದ್ದು, ಟೇಬಲ್, ಟ್ರಿಗರ್, ಪ್ರೊಸೀಜರ್‌ಗಳನ್ನು ಬದಲಿಸಿದ್ದು, ಅಡ್ಮಿನ್ ಹಕ್ಕಿನವರು ಮಾಡಿದ ಎಲ್ಲವೂ, ಆಡಿಟ್ ಸೆಟ್ಟಿಂಗನ್ನೇ ಮುಟ್ಟಿದ್ದು. ಇವೆಲ್ಲ ಸೇರಿದರೂ ದಿನಕ್ಕೆ ಬರುವ ಸಾಲು ಕಡಿಮೆ. ಆಮೇಲೆ ದುಡ್ಡು, ತೂಕ, ಬಡ್ಡಿ ದರ, ಅಂಕಪಟ್ಟಿ, ರೋಗಿಯ ವಿವರ ಇರುವ ಆಯ್ದ ಟೇಬಲ್‌ಗಳ ಸೇರ್ಪಡೆ, ತಿದ್ದುಪಡಿ, ಅಳಿಸುವಿಕೆ. ಊರುಗಳ ಪಟ್ಟಿ, ಪಿನ್‌ಕೋಡ್ ಪಟ್ಟಿಯಂಥವನ್ನು ಬಿಟ್ಟುಬಿಡಿ.

ಬರೇ ನೋಡಿದ್ದು ಸೈತ ಗೊತ್ತಾಗ್ತೈತೇನ್ರಿ?

ಆಗುತ್ತದೆ. ಆದರೆ ಟ್ರಿಗರ್‌ನಿಂದಲ್ಲ, ಸೆಲೆಕ್ಟ್‌ಗೆ (ಬರೇ ಓದುವ ಕ್ವೆರಿಗೆ) ಟ್ರಿಗರ್ ಏಳುವುದಿಲ್ಲ. ಡೇಟಾಬೇಸಿನ ಸ್ವಂತ ಆಡಿಟ್ ಸೌಲಭ್ಯವೇ ಬೇಕು. ಒರಾಕಲ್‌ನಲ್ಲಿ 9ಐ ಕಾಲದಿಂದ ಫೈನ್ ಗ್ರೇನ್ಡ್ ಆಡಿಟಿಂಗ್ ಇದೆ. ‘ಈ ಕಾಲಂ ಓದಿದಾಗ ಮಾತ್ರ’, ‘ಈ ಷರತ್ತಿನ ಸಾಲು ಮುಟ್ಟಿದಾಗ ಮಾತ್ರ’ ಎಂದು ಕಟ್ಟಬಹುದು. ಪೋಸ್ಟ್‌ಗ್ರೆಸ್‌ನ ಪಿಜಿಆಡಿಟ್‌ನಲ್ಲಿ (ಬೇರೆಯಾಗಿ ಹಾಕಬೇಕಾದ ಎಕ್ಸ್‌ಟೆನ್ಷನ್) ಆಯ್ದ ಟೇಬಲ್‌ಗೆ ಆಬ್ಜೆಕ್ಟ್ ಆಡಿಟ್ ಹಚ್ಚಬಹುದು. ಆಸ್ಪತ್ರೆಗಳಿಗೆ ಇದು ಮುಖ್ಯ. ಅಲ್ಲಿ ರಿಪೋರ್ಟ್ ತಿದ್ದುವವರಿಗಿಂತ ಬೇಡದವರ ರಿಪೋರ್ಟ್ ಇಣುಕಿ ನೋಡುವವರು ಹೆಚ್ಚು.

ಯಾವ ಡೇಟಾಬೇಸ್‌ನ್ಯಾಗ ಏನೇನ್ ಐತಿ?

ಒರಾಕಲ್‌ನಲ್ಲಿ ಹಳೆಯ ಪದ್ಧತಿಯಲ್ಲಿ ಸಾಲುಗಳು ಸಿಸ್ ಬಳಕೆದಾರರ ಒಂದು ಟೇಬಲ್‌ಗೆ ಹೋಗುತ್ತಿದ್ದವು. 12ಸಿಯಿಂದ ಯುನಿಫೈಡ್ ಆಡಿಟಿಂಗ್ ಬಂತು. ಎಲ್ಲ ಬಗೆಯ ದಾಖಲೆ ಒಂದೇ ವ್ಯೂನಲ್ಲಿ ಸಿಗುತ್ತದೆ, ನೋಡುವವರ ಮತ್ತು ನಿರ್ವಹಿಸುವವರ ರೋಲ್ ಬೇರೆ ಬೇರೆ. 23ಎಐನಲ್ಲಿ ಹಳೆಯ ಪದ್ಧತಿಗೆ ಬೆಂಬಲ ನಿಂತಿದೆ. ಹಳೆಯದರಲ್ಲೇ ಇರುವವರು ಅಪ್‌ಗ್ರೇಡ್‌ಗೆ ಮುಂಚೆ ಪಾಲಿಸಿಗಳನ್ನು ಹೊಸದಾಗಿ ಬರೆಯಬೇಕು.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ 2008ರಿಂದ ಆಡಿಟ್ ಇದೆ. 2016ರ ಮೊದಲ ಸರ್ವಿಸ್ ಪ್ಯಾಕ್‌ನಿಂದ ಡೇಟಾಬೇಸ್ ಮಟ್ಟದ ಆಡಿಟ್ ಎಲ್ಲ ಎಡಿಷನ್‌ಗಳಲ್ಲೂ ಸಿಗುತ್ತದೆ, ಪುಕ್ಕಟೆಯ ಎಕ್ಸ್‌ಪ್ರೆಸ್‌ನಲ್ಲೂ. ಸಣ್ಣ ಸಂಘಗಳು ಎಕ್ಸ್‌ಪ್ರೆಸ್ ಮೇಲೇ ನಡೆಯುವುದರಿಂದ ಇದು ಒಳ್ಳೆಯ ಸುದ್ದಿ. ಎಷ್ಟೋ ಜನ ಇನ್ನೂ ‘ಅದಕ್ಕ ದೊಡ್ಡ ಲೈಸೆನ್ಸ್ ಬೇಕು’ ಎಂದೇ ನಂಬಿದ್ದಾರೆ.

ಪೋಸ್ಟ್‌ಗ್ರೆಸ್‌ಗೆ ಪಿಜಿಆಡಿಟ್ ಎಂಬ ಎಕ್ಸ್‌ಟೆನ್ಷನ್ ಹಾಕಬೇಕು. ಹಾಕಿದ ಮೇಲೆ ಸರ್ವರ್ ಒಮ್ಮೆ ರೀಸ್ಟಾರ್ಟ್ ಆಗಬೇಕು. ದಾಖಲೆ ಟೇಬಲ್‌ಗೆ ಹೋಗದೆ ಸರ್ವರಿನ ಲಾಗ್ ಫೈಲಿಗೆ ಹೋಗುತ್ತದೆ.

ಮೈಎಸ್‌ಕ್ಯುಎಲ್ ಕಮ್ಯುನಿಟಿ ಆವೃತ್ತಿಯಲ್ಲಿ ಆಡಿಟ್ ಪ್ಲಗಿನ್ ಇಲ್ಲ, ಅದು ದುಡ್ಡಿನ ಎಂಟರ್‌ಪ್ರೈಸ್‌ನಲ್ಲಿದೆ. ಜನರಲ್ ಲಾಗ್ ಹಚ್ಚಿ ಬಿಡುವವರಿದ್ದಾರೆ. ಅದು ಎಲ್ಲವನ್ನೂ ನುಂಗುತ್ತಾ ಬೆಳೆಯುತ್ತದೆ, ಆಯ್ಕೆಯೇ ಇಲ್ಲ. ಮಾರಿಯಾಡಿಬಿ ತನ್ನ ಜೊತೆಗೇ ಆಡಿಟ್ ಪ್ಲಗಿನ್ ಕೊಡುತ್ತದೆ. ಅದರಲ್ಲಿ ಕ್ವೆರಿಯ ಉದ್ದಕ್ಕೆ ಮಿತಿ ಇದೆ, ಬದಲಿಸದಿದ್ದರೆ 1024 ಬೈಟ್. ಉದ್ದದ ಕ್ವೆರಿಯ ಬಾಲ ಕತ್ತರಿಸಿಹೋಗುತ್ತದೆ, ಷರತ್ತು ಇರುವುದು ಬಾಲದಲ್ಲೇ. ಮಿತಿ ಹೆಚ್ಚಿಸಿಕೊಳ್ಳಿ.

ಹಳೇ ಅಂಕಿ ಎಷ್ಟಿತ್ತು ಅನ್ನೂದ ಬರವಲ್ದಲ್ರಿ?

ಹೌದು. ಮೇಲೆ ಹೇಳಿದ ಸೌಲಭ್ಯಗಳು ಮೂಲತಃ ‘ಯಾರು ಯಾವ ಕ್ವೆರಿ ಓಡಿಸಿದರು’ ಎಂದು ಬರೆಯುತ್ತವೆ. ಬಡ್ಡಿ ದರ 11ರಿಂದ 9ಕ್ಕೆ ಇಳಿಯಿತು ಎಂದು ತಿಳಿಯಲು ಮೊದಲಿನ ಮತ್ತು ನಂತರದ ಮೌಲ್ಯ ಎರಡೂ ಬೇಕು. ಅದಕ್ಕೆ ಟ್ರಿಗರ್ ಬರೆಯಬಹುದು, ಇಲ್ಲವೇ ಇತಿಹಾಸ ತಾನೇ ಇಟ್ಟುಕೊಳ್ಳುವ ಟೇಬಲ್ ಬಳಸಬಹುದು. ಎಸ್‌ಕ್ಯುಎಲ್ ಸರ್ವರ್ 2016ರಿಂದ ಟೆಂಪೊರಲ್ ಟೇಬಲ್, ಮಾರಿಯಾಡಿಬಿ 10.3ರಿಂದ ಸಿಸ್ಟಮ್ ವರ್ಷನ್ಡ್ ಟೇಬಲ್ ಕೊಟ್ಟಿವೆ. ಇವು ಹಳೆಯ ಸಾಲನ್ನು ಹೊತ್ತಿನ ಸಮೇತ ಇಡುತ್ತವೆ, ಆದರೆ ತಿದ್ದಿದವರ ಹೆಸರು ಇಡುವುದಿಲ್ಲ. ಅದಕ್ಕೊಂದು ಕಾಲಂ ನೀವೇ ಸೇರಿಸಬೇಕು.

ಟ್ರಿಗರ್ ನಂಬುವವರು ಅದರ ಕುರುಡು ಜಾಗಗಳನ್ನು ತಿಳಿದಿರಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಟ್ರಂಕೇಟ್ ಮಾಡಿದರೆ (ಇಡೀ ಟೇಬಲ್ ಒಮ್ಮೆಗೇ ಖಾಲಿ ಮಾಡಿದರೆ) ಡಿಲೀಟ್ ಟ್ರಿಗರ್ ಏಳುವುದಿಲ್ಲ. ಅದರ 8ನೇ ಆವೃತ್ತಿಯಲ್ಲಿ ಫಾರಿನ್ ಕೀ (ಟೇಬಲ್‌ಗಳ ನಡುವಿನ ಕೊಂಡಿ) ಮೂಲಕ ತಾನಾಗಿ ಅಳಿದ ಸಾಲುಗಳಿಗೂ ಏಳುವುದಿಲ್ಲ. ಎಸ್‌ಕ್ಯುಎಲ್ ಸರ್ವರ್‌ನ ಬಲ್ಕ್ ಇನ್ಸರ್ಟ್ (ರಾಶಿ ಸಾಲುಗಳ ಸೇರ್ಪಡೆ) ಬೇಕೆಂದು ಹೇಳದಿದ್ದರೆ ಟ್ರಿಗರ್ ಓಡಿಸುವುದಿಲ್ಲ. ಇನ್ನೊಂದು, ಟ್ರಿಗರ್ ಬರೆದ ಆಡಿಟ್ ಸಾಲು ಅದೇ ಟ್ರಾನ್ಸಾಕ್ಷನ್‌ನ ಭಾಗ. ಮುಖ್ಯ ಕೆಲಸ ರೋಲ್‌ಬ್ಯಾಕ್ ಆದರೆ (ರದ್ದಾಗಿ ಹಿಂದೆ ಹೋದರೆ) ಆಡಿಟ್ ಸಾಲೂ ಮಾಯ. ಯತ್ನಿಸಿ ಬಿಟ್ಟವರ ಗುರುತು ಉಳಿಯುವುದಿಲ್ಲ. ಆದ್ದರಿಂದ ಮೌಲ್ಯಕ್ಕೆ ಟ್ರಿಗರ್, ಯತ್ನಕ್ಕೆ ಸ್ವಂತ ಆಡಿಟ್.

ಬಿನ್‌ಲಾಗ್, ರೀಡೂ ಲಾಗ್ ಇದ್ದಾವಲ್ರಿ, ಅವ ಸಾಕಾಗೂದಿಲ್ಲೇನು?

ಇಲ್ಲ. ಅವು ಡೇಟಾಬೇಸ್ ಬಿದ್ದರೆ ಎಬ್ಬಿಸಲು, ಪ್ರತಿ ಮಾಡಲು ಇರುವಂಥವು. ಬದಲಾವಣೆ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ, ಓದಿದ್ದಂತೂ ಇರುವುದೇ ಇಲ್ಲ. ತನಿಖೆಗೆ ಪೂರಕವಾಗಿ ಒದಗುತ್ತವೆ ಅಷ್ಟೆ.

ಸಿಸ್ಟಮ್ ನಿಧಾನ ಆಗೂದಿಲ್ಲೇನ್ರಿ?

ಆಯ್ದು ಬರೆದರೆ ಕೌಂಟರಿನವರಿಗೆ ಗೊತ್ತೇ ಆಗದು. ಬಿಡುವಿಲ್ಲದ ಟೇಬಲ್‌ನ ಪ್ರತಿ ಸೆಲೆಕ್ಟ್ ಬರೆಯಹೊರಟರೆ ಖಂಡಿತ ಗೊತ್ತಾಗುತ್ತದೆ. ಎಸ್‌ಕ್ಯುಎಲ್ ಸರ್ವರ್ ಆಡಿಟ್ ಸಾಲುಗಳನ್ನು ಒಟ್ಟುಗೂಡಿಸಿ ತಡವಾಗಿ ಬರೆಯುತ್ತದೆ, ಮೂಲ ಸೆಟ್ಟಿಂಗ್ 1000 ಮಿಲಿಸೆಕೆಂಡ್. ಅದನ್ನು ಸೊನ್ನೆ ಮಾಡಿದರೆ ಬರೆದು ಮುಗಿಯುವ ತನಕ ಕೆಲಸ ಕಾಯುತ್ತದೆ. ಲಾಗ್‌ಗೆ ಬೇರೆ ಡಿಸ್ಕ್ ಕೊಡಿ.

ಡಿಸ್ಕ್ ತುಂಬಿ ಬಿಟ್ರ?

ಒರಾಕಲ್‌ನ ಹಳೆಯ ಪದ್ಧತಿಯಲ್ಲಿ ಆಡಿಟ್ ಟೇಬಲ್ ಮೂಲತಃ ಸಿಸ್ಟಮ್ ಟೇಬಲ್‌ಸ್ಪೇಸ್‌ನಲ್ಲೇ (ಡೇಟಾಬೇಸಿನ ಸ್ವಂತ ಟೇಬಲ್‌ಗಳನ್ನು ಇಡುವ ಜಾಗ) ಇರುತ್ತದೆ. ಅದು ತುಂಬಿದರೆ ಲಾಗಿನ್ ಬರೆಯಲು ಜಾಗವಿಲ್ಲದೆ ಲಾಗಿನ್ನೇ ಆಗುವುದಿಲ್ಲ. ಬೆಳಗ್ಗೆ ಬಾಗಿಲು ತೆರೆದು ಕೂತ ಸಂಘಕ್ಕೆ ಇದಕ್ಕಿಂತ ಫಜೀತಿ ಇನ್ನೊಂದಿಲ್ಲ. ಮೊದಲ ದಿನವೇ ಬೇರೆ ಟೇಬಲ್‌ಸ್ಪೇಸ್‌ಗೆ ಸರಿಸಿ. ಅದಕ್ಕೆಂದೇ ಒರಾಕಲ್ ಆಡಿಟ್ ನಿರ್ವಹಣೆಯ ಪ್ಯಾಕೇಜ್ ಕೊಟ್ಟಿದೆ, ಹಳೆಯದನ್ನು ತೆಗೆಯುವುದೂ ಅದರಿಂದಲೇ. ಯುನಿಫೈಡ್‌ನಲ್ಲಿ ಹಾಗೆ ತೆಗೆದದ್ದು ಕೂಡ ಒಂದು ಆಡಿಟ್ ಸಾಲಾಗಿ ಉಳಿಯುತ್ತದೆ.

ಎಸ್‌ಕ್ಯುಎಲ್ ಸರ್ವರ್ ‘ಬರೆಯಲಾಗದಿದ್ದರೆ ಏನು ಮಾಡಲಿ’ ಎಂದು ನಿಮ್ಮನ್ನೇ ಕೇಳುತ್ತದೆ: ಮುಂದುವರಿಯಬೇಕೋ, ಆ ಒಂದು ಕೆಲಸ ತಡೆಯಬೇಕೋ, ಸರ್ವರ್ ನಿಲ್ಲಿಸಬೇಕೋ. ಅಡತಿ ಅಂಗಡಿಗೆ ಮುಂದುವರಿಯುವುದೇ ಸರಿ, ಜೊತೆಗೆ ಮೊಬೈಲ್‌ಗೆ ಎಚ್ಚರಿಕೆ ಬರಬೇಕು. ಠೇವಣಿ ಇಟ್ಟುಕೊಳ್ಳುವ ಸಂಘವಾದರೆ ಆ ಕೆಲಸ ತಡೆಯುವುದು ಮೇಲು. ಸರ್ವರ್ ನಿಲ್ಲಿಸುವ ಆಯ್ಕೆಯನ್ನು ನಮ್ಮ ಊರುಗಳ ಕಚೇರಿಗೆ ನಾನಂತೂ ಹೇಳುವುದಿಲ್ಲ.

ನೀವೇ ಮಾಡಿಕೊಂಡ ಆಡಿಟ್ ಟೇಬಲ್ ಇದ್ದರೆ ತಿಂಗಳಿಗೊಂದು ಪಾರ್ಟಿಷನ್ (ಟೇಬಲ್‌ನ ಪ್ರತ್ಯೇಕ ಭಾಗ) ಮಾಡಿ. ಹಳೆಯ ತಿಂಗಳನ್ನು ಹೊರಗೆ ನಕಲು ಮಾಡಿ, ಪಾರ್ಟಿಷನ್‌ಅನ್ನೇ ಕಿತ್ತುಹಾಕಿ. ಲಕ್ಷಗಟ್ಟಲೆ ಸಾಲನ್ನು ಡಿಲೀಟ್ ಮಾಡುತ್ತ ಕೂರಬೇಡಿ.

ಡಿಬಿಎ ಸಾಹೇಬ್ರ ಲಾಗ್ ಅಳಿಸಿದ್ರ ಏನ್ ಮಾಡೂದು?

ಸರಿಯಾದ ಪ್ರಶ್ನೆ, ಡಿಬಿಎಗಳಿಗೆ (ಡೇಟಾಬೇಸ್ ಅಡ್ಮಿನ್‌ಗಳಿಗೆ) ಇಷ್ಟವಾಗದ ಪ್ರಶ್ನೆ. ಪೋಸ್ಟ್‌ಗ್ರೆಸ್‌ನ ಸೂಪರ್‌ಯೂಸರ್ ತನ್ನ ಸೆಷನ್‌ನಲ್ಲಿ ಪಿಜಿಆಡಿಟ್ ಬಂದ್ ಮಾಡಬಲ್ಲ. ಟ್ರಿಗರ್‌ಗಳನ್ನು ಅಡ್ಮಿನ್ ಯಾವಾಗ ಬೇಕಾದರೂ ನಿಲ್ಲಿಸಬಲ್ಲ. ಅದೇ ಡೇಟಾಬೇಸಿನ ಒಳಗೆ ಎಷ್ಟು ಬೀಗ ಹಾಕಿದರೂ ಕೀಲಿಕೈ ಅವರ ಹತ್ತಿರವೇ ಇರುತ್ತದೆ. ಮದ್ದು ಒಂದೇ: ದಾಖಲೆ ಬರೆದ ಕೂಡಲೇ ಇನ್ನೊಂದು ಯಂತ್ರಕ್ಕೆ ಹೋಗಬೇಕು, ಆ ಯಂತ್ರದ ಪಾಸ್‌ವರ್ಡ್ ಡಿಬಿಎ ಹತ್ತಿರ ಇರಬಾರದು. ಸಿಸ್‌ಲಾಗ್ ಮೂಲಕ ಕಳಿಸಬಹುದು. ವಿಂಡೋಸ್‌ನಲ್ಲಾದರೆ ಸೆಕ್ಯುರಿಟಿ ಲಾಗ್‌ಗೆ ಬರೆಸಬಹುದು. ದೊಡ್ಡ ಸರ್ವರ್ ಬೇಕಿಲ್ಲ, ಅಧ್ಯಕ್ಷರ ಕೋಣೆಯ ಬೀರುವಿನಲ್ಲಿ ಕೂರುವ ಒಂದು ಸಣ್ಣ ಲಿನಕ್ಸ್ ಡಬ್ಬಿ ಸಾಕು.

ತಿದ್ದಿದರೆ ಪತ್ತೆಯಾಗುವಂತೆ ಮಾಡುವುದು ಇನ್ನೊಂದು ದಾರಿ. ಪ್ರತಿ ಸಾಲಿನಲ್ಲಿ ಹಿಂದಿನ ಸಾಲಿನ ಹ್ಯಾಶ್ (ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆಯುವ ಗುರುತು) ಸೇರಿಸಿ ಸರಪಳಿ ಕಟ್ಟಿದರೆ ನಡುವಿನ ಒಂದನ್ನು ತಿದ್ದಿದಾಗ ಮುಂದಿನದ್ದೆಲ್ಲ ಕೂಡುವುದಿಲ್ಲ. ಎಸ್‌ಕ್ಯುಎಲ್ ಸರ್ವರ್ 2022ರ ಲೆಡ್ಜರ್, ಒರಾಕಲ್‌ನ ಬ್ಲಾಕ್‌ಚೈನ್ ಟೇಬಲ್ ಇದೇ ತತ್ವದ ಮೇಲೆ ನಡೆಯುತ್ತವೆ.

ನಸುಕಿನ್ಯಾಗ 3:40ಕ್ಕ ಯಾರೋ ತಿದ್ದ್ಯಾರಂತ ತೋರಸ್ತೈತಿ. ಆ ಹೊತ್ತಿನ್ಯಾಗ ಆಫೀಸಿನ್ಯಾಗ ಯಾರೂ ಇರೂದಿಲ್ರಿ!

ಪೊಲೀಸರಿಗೆ ಫೋನ್ ಮಾಡುವ ಮುಂಚೆ ಐದೂವರೆ ತಾಸು ಕೂಡಿಸಿ ನೋಡಿ. 9:10 ಆಗುತ್ತದೆ, ಅಂದರೆ ಕೌಂಟರ್ ತೆರೆಯುವ ಹೊತ್ತು. ಲಾಗ್ ಯುಟಿಸಿಯಲ್ಲಿದೆ (ಜಾಗತಿಕ ಮೂಲ ಸಮಯ, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ), ನೀವು ಅದನ್ನು ನಮ್ಮ ಸಮಯ ಎಂದು ಓದಿದ್ದೀರಿ. ಯುಟಿಸಿಯಲ್ಲಿ ಇಡುವುದೇ ಒಳ್ಳೆಯದು, ವರದಿ ತೆಗೆಯುವಾಗ ಭಾರತೀಯ ಸಮಯಕ್ಕೆ ತಿರುಗಿಸಿ, ಮೇಲೆ ಹಾಗೆಂದು ಬರೆಯಿರಿ.

ಹೊತ್ತನ್ನು ಯಾವಾಗಲೂ ಸರ್ವರ್‌ನಿಂದ ತೆಗೆದುಕೊಳ್ಳಿ. ಕೌಂಟರಿನ ಹಳೆಯ ಕಂಪ್ಯೂಟರಿನ ಒಳಗಿನ ಗುಂಡಿ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಸರ್ವರಿನ ಗಡಿಯಾರಕ್ಕೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಲ್ಲಿ ದಾರಿ ಹೇಳಿದೆ: ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ ಹೊಂದಿಸಿಡಬೇಕು.

ಲಾಗ್‌ನ್ಯಾಗ ಹೆಸರಿನ ಜಾಗಾದಾಗ ಏನೇನೋ ಇಂಗ್ಲಿಷ್ ಅಕ್ಷರ ಬರ್ತಾವು.

ನಿಮ್ಮದು ಹಳೆಯ ನುಡಿ ಅಥವಾ ಬರಹ ಫಾಂಟಿನ ಕಾಲದ ಸಾಫ್ಟ್‌ವೇರ್. ಅಲ್ಲಿ ಕನ್ನಡ ಕಾಣುವುದು ಫಾಂಟಿನಿಂದ, ಒಳಗೆ ಕೂತಿರುವುದು ಇಂಗ್ಲಿಷ್ ಸಂಕೇತಗಳೇ. ಆಡಿಟ್ ಫೈಲಿಗೆ ಆ ಫಾಂಟ್ ಇಲ್ಲ, ಹಾಗಾಗಿ ಬಣ್ಣ ಬಯಲು. ಯುನಿಕೋಡ್‌ಗೆ ಬದಲಿಸುವುದು ನಿಜವಾದ ಪರಿಹಾರ. ಅಲ್ಲಿಯವರೆಗೆ ಆಡಿಟ್ ಸಾಲಿನಲ್ಲಿ ಹೆಸರಿನ ಜೊತೆ ಸದಸ್ಯರ ಸಂಖ್ಯೆ ಅಥವಾ ಖಾತೆ ಸಂಖ್ಯೆ ಕಡ್ಡಾಯವಾಗಿ ಇರಲಿ. ಮೈಎಸ್‌ಕ್ಯುಎಲ್‌ನಲ್ಲಿ ಹೊಸದಾಗಿ ಟೇಬಲ್ ಮಾಡುವವರು ಯುಟಿಎಫ್8ಎಂಬಿ4 ಆರಿಸಿ.

ಲಾಗ್‌ನ್ಯಾಗನ ಆಧಾರ್ ನಂಬರ್ ಕಾಣಾಕತ್ಯಾವಲ್ರಿ?

ಕ್ವೆರಿಯ ಪಠ್ಯ, ಬೈಂಡ್ ಮೌಲ್ಯ (ಕ್ವೆರಿಯ ಜೊತೆ ಕಳಿಸುವ ಅಂಕಿ, ಹೆಸರು) ಎರಡನ್ನೂ ಬರೆಸಿದರೆ ಹೀಗಾಗುತ್ತದೆ. ಪಿಜಿಆಡಿಟ್‌ನಲ್ಲಿ ಮೌಲ್ಯ ಬರೆಯುವುದು ಮೂಲತಃ ಬಂದ್ ಇರುತ್ತದೆ, ಕಾರಣವಿಲ್ಲದೆ ಹಚ್ಚಬೇಡಿ. ಟ್ರಿಗರ್‌ನಲ್ಲಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯಿರಿ. ಆಡಿಟ್ ಲಾಗ್ ಕೂಡ ವೈಯಕ್ತಿಕ ಮಾಹಿತಿಯ ಭಂಡಾರವೇ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಭದ್ರತೆ ಸರಿಯಾಗಿ ಇಡದೆ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಸಿಎ ಸಾಹೇಬ್ರು ಎಡಿಟ್ ಲಾಗ್ ಕಡ್ಡಾಯ ಅಂತಾರ. ಖರೇ ಏನ್ರಿ? ಎಷ್ಟ ವರ್ಷ ಇಟಗೋಬೇಕು?

ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಯಾದರೆ ಖರೇ. ಕಂಪನಿಗಳ (ಲೆಕ್ಕಪತ್ರ) ನಿಯಮಗಳು 2014ರ 3(1)ನೇ ನಿಯಮದ ಪ್ರಕಾರ 1 ಏಪ್ರಿಲ್ 2023ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ವ್ಯವಹಾರದ ಆಡಿಟ್ ಟ್ರೇಲ್ ಇರಬೇಕು, ತಿದ್ದಿದ ತಾರೀಖಿನ ಸಮೇತ ಎಡಿಟ್ ಲಾಗ್ ಇರಬೇಕು, ಅದನ್ನು ಬಂದ್ ಮಾಡುವ ಹಾಗಿರಬಾರದು. ಟ್ಯಾಲಿಪ್ರೈಮ್ ಎಡಿಟ್ ಲಾಗ್ ಎಂಬ ಪ್ರತ್ಯೇಕ ಆವೃತ್ತಿ ಬಂದದ್ದು ಈ ನಿಯಮದಿಂದಲೇ. ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಕಂಪನಿಗಳ (ಲೆಕ್ಕ ಪರಿಶೋಧನೆ ಮತ್ತು ಲೆಕ್ಕ ಪರಿಶೋಧಕರು) ನಿಯಮಗಳ 11(ಜಿ) ನಿಯಮದಡಿ ಇದರ ಬಗ್ಗೆ ಹೇಳಲೇಬೇಕು. ಆಗ ಅವರು ಕೇಳುವ ಎರಡನೇ ಪ್ರಶ್ನೆಯೇ ‘ಡೇಟಾಬೇಸಿನಲ್ಲಿ ನೇರವಾಗಿ ತಿದ್ದಿದರೆ ಲಾಗ್ ಬರುತ್ತದೆಯೇ’ ಎನ್ನುವುದು. ಸಾಫ್ಟ್‌ವೇರ್ ಪರದೆ ತೋರಿಸಿ ಪಾರಾಗಲಾಗದು. ಲೆಕ್ಕಪತ್ರ ಇಡಬೇಕಾದ ಅವಧಿ 128(5)ನೇ ಕಲಮಿನಂತೆ 8 ವರ್ಷ. ಅದರ ಆಡಿಟ್ ಟ್ರೇಲ್‌ಗೂ ಅದೇ ಲೆಕ್ಕ ಹಿಡಿಯಿರಿ.

1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ ಸಂಘಕ್ಕಾಗಲಿ, ಪಾಲುದಾರಿಕೆಯ ಅಡತಿ ಅಂಗಡಿಗಾಗಲಿ ಕಂಪನಿಗಳ ಈ ನಿಯಮ ನೇರವಾಗಿ ಹತ್ತುವುದಿಲ್ಲ. ಆದರೂ ಮಾಡಿಟ್ಟುಕೊಳ್ಳಿ, ನಾಳೆ ಕೇಳುವವರು ಸದಸ್ಯರೇ. ಸರ್ಟ್-ಇನ್ ನಿರ್ದೇಶನದ ಪ್ರಕಾರ ಸಿಸ್ಟಮ್ ಲಾಗ್‌ಗಳನ್ನು ಕನಿಷ್ಠ 180 ದಿನ ಇಡಬೇಕು. ಸೈಬರ್ ಘಟನೆ ನಡೆದರೆ ತಿಳಿದ 6 ತಾಸಿನೊಳಗೆ ವರದಿ ಮಾಡಬೇಕು.

ಲಾಗ್ ಬರಾಕತ್ತೈತಿ. ಈಗ ಅದನ್ನ ಯಾರ್ ನೋಡಬೇಕು, ಹ್ಯಾಂಗ್ ನೋಡಬೇಕು?

ಯಾರ ಕೆಲಸ ದಾಖಲಾಗುತ್ತಿದೆಯೋ ಅವರನ್ನು ಬಿಟ್ಟು ಬೇರೆಯವರು ನೋಡಬೇಕು. ಬಹುತೇಕ ಸಂಘಗಳಲ್ಲಿ ಕಾರ್ಯದರ್ಶಿಯವರೇ ಹೆಚ್ಚು ತಿದ್ದುವವರು, ಲಾಗ್ ನೋಡುವ ಹೊಣೆಯನ್ನೂ ಅವರಿಗೇ ವಹಿಸಿರುತ್ತಾರೆ. ಆಡಳಿತ ಮಂಡಳಿಯ ಒಬ್ಬ ನಿರ್ದೇಶಕರು ನೋಡಲಿ, ಇಲ್ಲವೇ ಹೊರಗಿನ ಲೆಕ್ಕಿಗರು. ಅವರಿಗೆ ಕ್ವೆರಿ ಬರಬೇಕಿಲ್ಲ. ವಾರಕ್ಕೊಮ್ಮೆ ಕನ್ನಡದಲ್ಲಿ ಒಂದು ಪುಟದ ವರದಿ ತಾನಾಗಿ ಅಚ್ಚಾಗಬೇಕು. ಎರಡನೇ ಪುಟಕ್ಕೆ ಹೋದರೆ ಯಾರೂ ಓದುವುದಿಲ್ಲ.

ಆ ಪುಟದಲ್ಲಿ ಮೊದಲು ಬರಬೇಕಾದದ್ದು ಸಾಫ್ಟ್‌ವೇರ್ ಬಿಟ್ಟು ಬೇರೆ ದಾರಿಯಿಂದ ಆದ ತಿದ್ದುಪಡಿಗಳು. ಒಂದೊಂದಕ್ಕೂ ಉತ್ತರ ಬೇಕು. ಆಮೇಲೆ ಸತತವಾಗಿ ತಪ್ಪಿ ಕೊನೆಗೆ ಯಶಸ್ವಿಯಾದ ಲಾಗಿನ್‌ಗಳು, ಹೊಸದಾಗಿ ಕೊಟ್ಟ ಹಕ್ಕುಗಳು, ಕೆಲಸ ಬಿಟ್ಟವರ ಹೆಸರಿನಲ್ಲಿ ನಡೆದ ಚಟುವಟಿಕೆ, ಮುಗಿದ ತಿಂಗಳ ನಮೂದನ್ನು ತಿದ್ದಿದ್ದು, ಒಂದೇ ನಮೂದು ಮೇಲಿಂದ ಮೇಲೆ ಬದಲಾದದ್ದು. ಕೊನೆಗೆ, ಬಹಳ ಜನ ಬಿಡುವಂಥದ್ದು: ಲಾಗೇ ಇಲ್ಲದ ಹೊತ್ತು. ಕಚೇರಿ ತೆರೆದಿದ್ದ ದಿನ ಮಧ್ಯಾಹ್ನ ಎರಡು ತಾಸು ಒಂದೂ ಸಾಲಿಲ್ಲ ಎಂದರೆ ಆಗ ಯಾರೋ ಆಡಿಟ್ ನಿಲ್ಲಿಸಿರಬಹುದು.

‘ರಾತ್ರಿ ಕೆಲಸ’ ಎಂಬ ಎಚ್ಚರಿಕೆಯನ್ನು ಬೇರೆ ಊರಿನ ಮಾದರಿಯಿಂದ ಎತ್ತಿ ಹಾಕಬೇಡಿ. ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯಲ್ಲಿ ಸೋಮವಾರ, ಗುರುವಾರದ ಪೇಟೆ ಮುಗಿದ ಮೇಲೆ ಅಡತಿಯವರು ಸರಿರಾತ್ರಿವರೆಗೆ ಬಿಲ್ ಮಾಡುತ್ತಾರೆ. ಸಂಜೆ 6ರ ನಂತರದ್ದೆಲ್ಲ ಅನುಮಾನಾಸ್ಪದ ಎಂದರೆ ಆ ತಿಂಗಳುಗಳಲ್ಲಿ ಎಚ್ಚರಿಕೆಗಳ ರಾಶಿ ಬಿದ್ದು, ಮಾಲೀಕರು ಅದನ್ನು ಬಂದ್ ಮಾಡಿಸುತ್ತಾರೆ. ಪೇಟೆಯ ದಿನಗಳನ್ನು ಒಂದು ಸಣ್ಣ ಟೇಬಲ್‌ನಲ್ಲಿಟ್ಟು ನಿಯಮವನ್ನು ಅದಕ್ಕೆ ಹೊಂದಿಸಿ. ಪೇಟೆ ಇಲ್ಲದ ಭಾನುವಾರ ರಾತ್ರಿ ತೂಕ ಬದಲಾದರೆ ಅದು ಕೇಳಬೇಕಾದ ಸಂಗತಿ.

ತೂಕ 412 ಇದ್ದದ್ದು 421 ಆಗೈತಿ. ಹುಡುಗನ್ನ ಹಿಡದಬಿಡೂನೇನ್ರಿ?

ತಡೆಯಿರಿ. ಅಂಕಿ ತಿರುವುಮುರುವಾದದ್ದನ್ನು ಆ ಹುಡುಗ ಸರಿಪಡಿಸಿರಬಹುದು, ಕೆಡಿಸಿಯೂ ಇರಬಹುದು. ಏನಾಯಿತು ಎನ್ನುವುದನ್ನಷ್ಟೇ ಲಾಗ್ ಹೇಳುತ್ತದೆ. ತೂಕದ ಚೀಟಿ ತೆಗೆದು ನೋಡಿ. ಚೀಟಿಯಲ್ಲಿ 421 ಇದ್ದರೆ ಮಾತು ಮುಗಿಯಿತು. ಇಲ್ಲದಿದ್ದರೆ ಅದೇ ಲಾಗಿನ್‌ನಿಂದ ಅದೇ ರೈತರ ಅಥವಾ ಅದೇ ಖರೀದಿದಾರರ ಬಿಲ್‌ಗಳಲ್ಲಿ ಮೊದಲು ಹೀಗಾಗಿದೆಯೇ ನೋಡಿ, ಆ ಹೊತ್ತಿಗೆ ಆ ಯಂತ್ರದ ಮುಂದೆ ಯಾರಿದ್ದರು ಎಂದು ಹಾಜರಿ ಪುಸ್ತಕದ ಜೊತೆ ಹೊಂದಿಸಿ. ಎಲ್ಲ ಶಾಖೆಗಳೂ ಒಂದೇ ಇಂಟರ್‌ನೆಟ್ ಸಂಪರ್ಕದ ಹಿಂದೆ ಇದ್ದರೆ ಐಪಿ ವಿಳಾಸ ನಂಬಬೇಡಿ, ಎಲ್ಲರದ್ದೂ ಒಂದೇ ಕಾಣುತ್ತದೆ. ತಿದ್ದುವ ಪರದೆಯಲ್ಲಿ ‘ಕಾರಣ’ ಎಂಬ ಖಾನೆ ಕಡ್ಡಾಯ ಮಾಡಿದರೆ ಮುಂದಿನ ಸಲ ಇಷ್ಟು ಓಡಾಟ ಇರುವುದಿಲ್ಲ.

ವಿಷಯ ಠಾಣೆಗೆ ಅಥವಾ ಕೋರ್ಟಿಗೆ ಹೋಗುವಂತಿದ್ದರೆ ಮೂಲ ಫೈಲನ್ನು ತೆರೆದು ಸ್ವಚ್ಛ ಮಾಡಲು ಹೋಗಬೇಡಿ. ನಕಲು ಮಾಡಿ, ಹ್ಯಾಶ್ ತೆಗೆದು, ಯಾರು ಯಾವಾಗ ತೆಗೆದರು ಎಂದು ಬರೆದು ಸಹಿ ಹಾಕಿ ಇಡಿ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ. ಎಕ್ಸೆಲ್‌ಗೆ ಹಾಕಿ ಬಣ್ಣ ಬಳಿದ ಪ್ರತಿಯನ್ನು ವಕೀಲರಿಗೆ ವಿವರಿಸಲು ಬಳಸಿ, ಸಾಕ್ಷ್ಯವೆಂದು ಕೊಡಬೇಡಿ.

ನೌಕರರಿಗೆ ಹೇಳಬೇಕೇನ್ರಿ, ಸುಮ್ಮನ ಹಚ್ಚಿಬಿಡೂನು?

ಹೇಳಿ. ಲಾಗಿನ್ ಪರದೆಯಲ್ಲೇ ಒಂದು ಸಾಲು ಇರಲಿ. ಗೊತ್ತಿದ್ದಾಗ ಅರ್ಧ ತಪ್ಪುಗಳು ಆಗುವುದೇ ಇಲ್ಲ, ಉಳಿದರ್ಧವನ್ನು ಅವರೇ ಬಂದು ಹೇಳುತ್ತಾರೆ.

ಹಚ್ಚಿದ್ದು ಖರೇನ ನಡದೈತಿ ಅಂತ ಗೊತ್ತಾಗೂದು ಹ್ಯಾಂಗ?

ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ. ಪರೀಕ್ಷೆಗೆಂದೇ ಒಂದು ಖಾತೆ ಇಟ್ಟುಕೊಂಡು ಸಾಫ್ಟ್‌ವೇರ್‌ನಿಂದ ಒಮ್ಮೆ ತಿದ್ದಿ, ಕ್ವೆರಿ ಟೂಲ್‌ನಿಂದ ಒಮ್ಮೆ ತಿದ್ದಿ, ಹಕ್ಕಿಲ್ಲದ ಲಾಗಿನ್‌ನಿಂದ ಅಳಿಸಲು ಯತ್ನಿಸಿ, ತಪ್ಪು ಪಾಸ್‌ವರ್ಡ್ ಹಾಕಿ. ನಾಲ್ಕೂ ವಾರದ ವರದಿಯಲ್ಲಿ ಸರಿಯಾದ ಹೆಸರು, ಸರಿಯಾದ ಹೊತ್ತಿನೊಂದಿಗೆ ಬಂದಿವೆಯೇ ನೋಡಿ. ಹಳೆಯ ಬ್ಯಾಕಪ್‌ನಿಂದ ಒಂದು ತಿಂಗಳ ಆಡಿಟ್ ದಾಖಲೆ ತೆಗೆದು ಓದಲು ಬರುತ್ತದೆಯೇ ಎಂದೂ ನೋಡಿ. ಡೇಟಾಬೇಸ್ ಅಪ್‌ಗ್ರೇಡ್ ಆದ ದಿನ ಇಷ್ಟನ್ನೂ ತಪ್ಪದೆ ಮಾಡಿ. ಪಿಜಿಆಡಿಟ್‌ಗೆ ಪೋಸ್ಟ್‌ಗ್ರೆಸ್‌ನ ಪ್ರತಿ ಮುಖ್ಯ ಆವೃತ್ತಿಗೂ ಬೇರೆ ಬೇರೆ ಆವೃತ್ತಿ ಇದೆ, ಹಳೆಯದು ಹೊಸದರ ಜೊತೆ ಓಡುವುದಿಲ್ಲ.